ಗಿಟಾರ್ ಹಿಡಿದ್ರೆ ಶರೀಫರು ಮುನಿಸ್ಕೋತಾರಾ?

ಹೋದ ತಿಂಗಳು ನಮ್ಮತ್ತೆಯವರ ಹನ್ನೊಂದನೇ ದಿನದ ಕಾರ್ಯ ಆಯ್ತಲ್ಲ, ಬಂದು ಹೋದೋರು ಒಬ್ಬರೂ ಊಟದ ವಿಷಯ ಎತ್ತಿಲ್ಲ. ಸಾಂಬಾರಿಗೆ ಹುಳಿ ಜಾಸ್ತಿಯಾಗಿತ್ತು, ನನಗೇ ಗೊತ್ತು, ಅದನ್ನೂ ಯಾರೂ ಅನ್ಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು. ಹಿಂದಿನ ರಾತ್ರಿ ಭಜನೆಗೆ ಕೂತಾಗ ನನ್ನ ಮೈದುನನ ಮಗ ಗಿಟಾರ್ ತಂದು ಶಿಶುನಾಳ ಶರೀಫರ 'ಸೋರುತಿಹುದು ಮನಿಯ ಮಾಳಿಗಿ' ಹಾಡಿಬಿಟ್ಟ ಅನ್ನೋದು.

ದೇವನಹಳ್ಳಿ ನಾದಿನಿ ಎದ್ದು ಹಿತ್ತಲಿಗೆ ಹೋಗಿ ತೊಳೆಯೋ ಕಲ್ಲಿನ ಮೇಲೆ ಕೂತ್ಕೊಂಡ್ಳು. ಹೊಸಕೋಟೆ ವಾರಗಿತ್ತಿ, "ಸತ್ತೋರ ಮನೇಲಿ ಆರ್ಕೆಸ್ಟ್ರಾ ಮಡಗವ್ರೆ ಕಣಮ್ಮ" ಅಂತ ಬಸ್ ಸ್ಟ್ಯಾಂಡ್ ತನಕ ಹೇಳ್ಕೊಂಡೇ ಹೋದ್ರಂತೆ. ನೆಲಮಂಗಲದ ಚಿಕ್ಕತ್ತೆ ಫೋನ್ ಮಾಡಿ ಅರ್ಧ ಗಂಟೆ ಬೈದ್ರು. ಹುಡುಗನ್ನ ಅಲ್ಲ, ನನ್ನನ್ನ. ಯಾಕಂದ್ರೆ ಗಿಟಾರ್ ಒಳಗೆ ತರ್ಬೋದಾ ದೊಡ್ಡಮ್ಮ ಅಂತ ಅವನು ಕೇಳಿದಾಗ ತಾ ಅಂದೋಳು ನಾನೇ.

ಅವತ್ತು ಬಾಯಿ ಬಿಡ್ಲಿಲ್ಲ. ಸೂತಕದ ಮನೇಲಿ ಜಗಳ ಬೇಡ ಅಂತ ಸುಮ್ನಾದೆ. ಈಗ ತಿಂಗಳಾಯ್ತು, ಹೇಳ್ತೀನಿ. ಓದಿ ಸಿಟ್ಟು ಬಂದ್ರೆ ಮನೆಗೆ ಬಂದು ಬೈದು ಹೋಗಿ, ಕಾಫಿ ಕೊಡ್ತೀನಿ.

ಮೊದಲು ವಿಷಯ ಗೊತ್ತಿಲ್ಲದೋರಿಗೆ ಹೇಳ್ಬೇಕು. ನಮ್ಮ ಹುಡುಗ ಈ ಪದ ಕಲ್ತಿದ್ದು ರಘು ದೀಕ್ಷಿತ್ ಅನ್ನೋರ ಬ್ಯಾಂಡಿನ ಹಾಡು ಕೇಳಿ. ಮೈಸೂರಲ್ಲಿ ಬೆಳೆದೋರು, ಭರತನಾಟ್ಯ ಕಲ್ತೋರು, ಮೈಕ್ರೋಬಯಾಲಜಿ ಓದಿದೋರು. 2008ರಲ್ಲಿ ಅವರ ಮೊದಲನೇ ಆಲ್ಬಮ್ ಬಂತು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಮಧ್ಯೆ ಶರೀಫರ ಎರಡು ಪದ ಇದ್ವು, ಒಂದು ಇದು, ಇನ್ನೊಂದು 'ಗುಡುಗುಡಿಯಾ ಸೇದಿ ನೋಡೋ'. ಗಿಟಾರು, ಡ್ರಮ್ಸು, ವಯಲಿನ್ನು ಎಲ್ಲಾ ಇಟ್ಕೊಂಡು, ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಕೊಂಡು ಹಾಡ್ತಾರೆ. 2010ರಲ್ಲಿ ಲಂಡನ್ನಿಗೆ ಹೋಗಿ ಬಿಬಿಸಿ ಟೀವೀಲೂ ಹಾಡಿದ್ರು. ಅಲ್ಲಿಂದ ಶುರುವಾಯ್ತು ನೋಡಿ, ಎರಡು ಪಕ್ಷ. ದೊಡ್ಡೋರದು, "ಅಶ್ವಥ್ ಎಷ್ಟು ಚೆನ್ನಾಗಿ ಹಾಡವ್ರೆ, ಇವ್ರು ಬಂದು ಕೆಡಿಸಿಬಿಟ್ರು." ಹುಡುಗರದು, "ಇವರು ಹಾಡದೇ ಇದ್ದಿದ್ರೆ ಶರೀಫ್ ಯಾರು ಅಂತಾನೇ ನಮಗೆ ಗೊತ್ತಾಗ್ತಿರ್ಲಿಲ್ಲ." ನಮ್ಮ ಮನೆಯ ಜಗಳ ಹೊಸದೇನಲ್ಲ, ಹದಿನೈದು ವರ್ಷಕ್ಕಿಂತ ಹಳೇದು. ನಮ್ಮ ಜಗಲಿಗೆ ಈಗ ಬಂತು, ಅಷ್ಟೆ.

ನನ್ನ ವಾರಗಿತ್ತಿ ಅಂದ ಮಾತು ತಗೊಳ್ಳೋಣ. "ನಮ್ಮ ಹಿರೀಕರು ಹಾಡ್ತಿದ್ದಂಗೆ ಹಾಡ್ಬೇಕು." ಸರಿ ಅಕ್ಕ, ಯಾವ ಹಿರೀಕರು? ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಯವರ ಬಾಯಲ್ಲಿ ಶರೀಫರ ಪದ ಒಂದೂ ಇರ್ಲಿಲ್ಲ. ಅವರಿಗೆ ಬರ್ತಿದ್ದಿದ್ದು ಸೋಬಾನೆ, ರಾಗಿ ಬೀಸೋ ಪದ, ಆಮೇಲೆ ಕೈವಾರದ ತಾತಯ್ಯನವರ ಕೀರ್ತನೆ ನಾಕೈದು. ಅವು ತೆಲುಗಿನವು, ಅರ್ಥ ಪೂರ್ತಿ ಗೊತ್ತಿಲ್ದೆ ಹಾಡೋರು. ನಮ್ಮ ಸೀಮೇಲಿ ತತ್ವಪದ ಅಂದ್ರೆ ಅದೇ ತಾನೆ. ಹೊಸಕೋಟೆ, ದೇವನಹಳ್ಳಿ ಕಡೆಯೋರಿಗೆ ಇದನ್ನ ನಾನು ಹೇಳ್ಕೊಡ್ಬೇಕಾ. ಗುರುಪೂರ್ಣಿಮೆಗೆ ಕೈವಾರಕ್ಕೆ ಹೋಗಿ ರಾತ್ರಿಯೆಲ್ಲಾ ಕೂತು ಕೇಳ್ಕೊಂಡು ಬಂದೋರೇ ನೀವೆಲ್ಲಾ.

ಶರೀಫರು ನಮ್ಮ ಮನೆಗೆ ಬಂದಿದ್ದು ಟೇಪ್ ರೆಕಾರ್ಡರಿಂದ. 1990ರಲ್ಲಿ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ನಾಗಾಭರಣ ಮಾಡಿದ್ದು, ಶ್ರೀಧರ್ ಶರೀಫರಾಗಿದ್ರು, ಗಿರೀಶ್ ಕಾರ್ನಾಡ್ ಗುರು ಗೋವಿಂದ ಭಟ್ಟರಾಗಿದ್ರು. ಹಾಡು, ಸಂಗೀತ ಸಿ. ಅಶ್ವಥ್ ಅವರದು. ಮಾವನವರು ಆ ಕ್ಯಾಸೆಟ್ ತಂದ್ರು. ಮಧ್ಯಾಹ್ನ ಮಗ್ಗ ನಿಲ್ಲಿಸಿದಾಗ ಹಾಕೋರು, ಅತ್ತೆ ರಾಗಿ ಕೇರ್ತಾ ಕೂತು ಕೇಳೋರು. ಕ್ಯಾಸೆಟ್ಟಿನ ರೀಲು ಸಿಕ್ಕಾಕ್ಕೊಂಡಾಗ ಪೆನ್ಸಿಲ್ ಹಾಕಿ ಸುತ್ತೋದು ನನ್ನ ಕೆಲಸ. ಹೀಗೆ ಕೇಳಿ ಕೇಳಿ ಕಲ್ತ್ರು ಅತ್ತೆ. ಮರೆತ ಕಡೆ ತಮ್ಮದೇ ಮಾತು ಸೇರಿಸಿಬಿಡೋರು. ಮೂರನೇ ಚರಣದಲ್ಲಿ ಶರೀಫರು ಬರೆದಿದ್ದು ಒಂದು, ಅತ್ತೆ ಹಾಡ್ತಿದ್ದದ್ದು ಇನ್ನೊಂದು. ಯಾರೂ ಹೋಗಿ ಅವರನ್ನ ಕೆಡಿಸಿಬಿಟ್ರಿ ಅಂತ ಕೇಳ್ಲಿಲ್ಲ.

ಹಂಗಾದ್ರೆ ಹಿರೀಕರ ಮಟ್ಟು ಯಾವುದು? ನಾವು ಹಿರೀಕರದು ಅಂತ ತಿಳ್ಕೊಂಡಿರೋದು ಅಶ್ವಥ್ ಅವರ ಮಟ್ಟು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರ್ಕೊಂಡೋರು. ಅವರ ಗಂಟಲು ಕೇಳಿದೋರು ಯಾರೂ ಉಳಿದಿಲ್ಲ, ಆಗ ಹಿಡಿದಿಡೋ ಯಂತ್ರವೂ ನಮ್ಮ ಹಳ್ಳಿಗಳಿಗೆ ಬಂದಿರ್ಲಿಲ್ಲ. ಆ ಕಡೆ ಹಾವೇರಿ, ಧಾರವಾಡದ ಭಜನೆ ಮೇಳದೋರು ತಂಬೂರಿ, ತಾಳ, ದಪ್ಪು ಹಿಡ್ಕೊಂಡು ಬಾಯಿಂದ ಬಾಯಿಗೆ ಉಳಿಸ್ಕೊಂಡು ಬಂದ್ರು. ಅಶ್ವಥ್ ಬೆಂಗಳೂರಲ್ಲಿ ಐಟಿಐ ಕಾರ್ಖಾನೇಲಿ ಕೆಲಸ ಮಾಡ್ಕೊಂಡು ಸಂಗೀತ ಮಾಡಿದೋರು. ಅವರು ಆ ಪದಗಳಿಗೆ ಪಿಟೀಲು, ತಬಲ, ಕೊಳಲು, ಕೀಬೋರ್ಡು ಎಲ್ಲಾ ಸೇರಿಸಿ, ಆ ದೊಡ್ಡ ಗಂಟಲಲ್ಲಿ ಎತ್ತಿ ಹಾಡಿದ್ರು. ನನಗೆ ಅವರಂದ್ರೆ ಪ್ರಾಣ. 2009ರ ಡಿಸೆಂಬರ್ 29ಕ್ಕೆ ತೀರ್ಕೊಂಡಾಗ ಅವತ್ತು ರಾತ್ರಿ ನಮ್ಮನೇಲಿ ಟೀವಿ ಮುಂದೆ ಕೂತು ಅತ್ತಿದ್ದೀನಿ. ಆದ್ರೆ ಅವರು ಮಾಡಿದ್ದೂ ಹೊಸದೇ. ಶಿಶುನಾಳದ ಯಾವುದೋ ಅಜ್ಜ ಆವತ್ತು ರೇಡಿಯೋದಲ್ಲಿ ಅದನ್ನ ಕೇಳಿ, ಇದೇನು ಇಷ್ಟು ವಾದ್ಯ ಗದ್ದಲ, ನಮ್ಮ ಪದ ಎಲ್ಲೋಯ್ತು ಅಂತ ಗೊಣಗಿರ್ಲಾರನಾ? ಆ ಗೊಣಗಾಟ ನಮ್ಮ ಕಿವಿಗೆ ಬಿದ್ದಿಲ್ಲ, ಅದಕ್ಕೇ ನಾವು ನೆಮ್ಮದಿಯಾಗಿ ಇದೇ ಮೂಲ ಅಂತ ಕೂತಿದ್ದೀವಿ.

ಇನ್ನು ಚಿಕ್ಕತ್ತೆ ಮಾತು. "ಹಾರ್ಮೋನಿ ದೇವರ ವಾದ್ಯ, ಗಿಟಾರು ಇಂಗ್ಲಿಷ್ನೋರ್ದು." ಚಿಕ್ಕತ್ತೆ, ನಿಮ್ಮ ಕಾಲಿಗೆ ಬಿದ್ದು ಹೇಳ್ತೀನಿ, ಹಾರ್ಮೋನಿಯಂ ಕೂಡ ಯುರೋಪಿಂದ ಹಡಗಲ್ಲಿ ಬಂದಿದ್ದು. ಪಾದ್ರಿಗಳ ಜೊತೆ ಬಂದಿದ್ದು. ಅದು ನಮ್ಮ ಸಂಗೀತಕ್ಕೆ ಹೊಂದಲ್ಲ ಅಂತ ಆಕಾಶವಾಣಿಯೋರು 1940ರಿಂದ 1971ರ ತನಕ ಅದನ್ನ ಒಳಗೇ ಬಿಟ್ಕೊಂಡಿರ್ಲಿಲ್ಲ. ಮೂವತ್ತೊಂದು ವರ್ಷ! ನೀವು ಹುಟ್ಟಿ, ಮದುವೆ ವಯಸ್ಸಿಗೆ ಬರೋ ತನಕ ಈ ದೇವರ ವಾದ್ಯಕ್ಕೆ ರೇಡಿಯೋ ಬಾಗಿಲು ಮುಚ್ಚಿತ್ತು. ಪಿಟೀಲಿನ ಕಥೇನೂ ಅಷ್ಟೆ, ಪರದೇಶದ್ದೇ. ನಮ್ಮ ಮೈಸೂರಿನ ಚೌಡಯ್ಯನವರು ಅದಕ್ಕೆ ತಂತಿ ಏಳು ಮಾಡ್ಕೊಂಡು ನುಡಿಸಿದ್ರು, ಈಗ ಪಿಟೀಲು ಇಲ್ದಿದ್ರೆ ಕಚೇರಿಯೇ ಇಲ್ಲ. ಸ್ಯಾಕ್ಸೋಫೋನ್ ತಗೊಳ್ಳಿ. ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆ ಬ್ಯಾಂಡಿನೋರ ಕೈಲಿ ಅದನ್ನ ಕೇಳಿ ಮನಸೋತು ನಮ್ಮ ರಾಗಗಳನ್ನ ಅದರಲ್ಲಿ ನುಡಿಸೋದು ಕಲ್ತ್ರು. ನಿಮ್ಮ ಮಗಳ ಮದುವೇಲಿ ಧಾರೆ ಹೊತ್ತಿಗೆ ಊದಿದ್ದು ಏನು ಚಿಕ್ಕತ್ತೆ? ಸ್ಯಾಕ್ಸೋಫೋನ್. ನೀವೇ ಹೇಳಿ ಕರೆಸಿದ್ದು. ನಾದಸ್ವರದೋರಿಗಿಂತ ಮೂರು ಸಾವಿರ ಜಾಸ್ತಿ ಕೊಟ್ವಿ ಅಂತ ಬೀದಿಗೆಲ್ಲಾ ಹೇಳಿದ್ರಿ.

ಶಬ್ದ ಜಾಸ್ತಿ ಅಂತ ಇನ್ನೊಂದು ದೂರು. ಇದನ್ನ ದೊಡ್ಡಬಳ್ಳಾಪುರದೋರು ಹೇಳಿದ್ರೆ ನಗು ಬರ್ತದೆ. ನಮ್ಮ ಬೀದೀಲಿ ಬೆಳಗಾದ್ರೆ ಪವರ್‌ಲೂಮ್ ಲಟಪಟ ಲಟಪಟ, ರಾತ್ರಿ ಹತ್ತಾದ್ರೂ ನಿಲ್ಲಲ್ಲ. ಆ ಮಗ್ಗದ ಪಕ್ಕದಲ್ಲೇ ತೊಟ್ಟಿಲು ಕಟ್ಟಿ ಮಕ್ಕಳನ್ನ ಮಲಗಿಸಿದ್ದೀವಿ. ಕರೆಂಟ್ ಹೋಗಿ ಮಗ್ಗ ನಿಂತ್ರೆ ಮಗು ಎದ್ದು ಅಳೋದು! ಅಂಥ ಕಿವಿಗೆ ಒಂದು ಗಿಟಾರ್ ಭಾರವಾಯ್ತಾ? ಅವತ್ತು ಅವನು ಕರೆಂಟ್ ಗಿಟಾರೂ ತಂದಿರ್ಲಿಲ್ಲ, ಬರೀ ಮರದ್ದು. ಡ್ರಮ್ಸ್ ಇರ್ಲಿಲ್ಲ. ನಮ್ಮ ಭಜನೆಯೋರ ಲೌಡ್ ಸ್ಪೀಕರ್ ಮುಂದೆ ಅದು ಸೊಳ್ಳೆ ಗುಂಯ್ ಅಂದಂಗೆ ಇತ್ತು.

ಈ ಜಗಳ ನಮ್ಮಲ್ಲಿ ಮಾತ್ರ ಅಂತ ತಿಳ್ಕೊಂಡಿದ್ದೆ. ನನ್ನ ತಂಗಿ ಮಗಳು ಅಮೆರಿಕಾದಲ್ಲಿ ಅವಳೆ, ಅವಳಿಗೆ ಫೋನಲ್ಲಿ ಹೇಳಿದಾಗ ನಕ್ಕುಬಿಟ್ಲು. ಅಲ್ಲೂ ಇದೇ ಆಗಿದೆಯಂತೆ, ಇವತ್ತು ನೆನ್ನೆ ಅಲ್ಲ, 1971ರಲ್ಲಿ. ಅಲ್ಲಿಯ ಹಳ್ಳಿ ಜನ ಹಾಡೋ ಒಂದು ಹಳೇ ದೇವರ ಹಾಡು. ತಾಯಿ ಹೆಣ ತಗೊಂಡು ಹೋಗೋ ಗಾಡಿ ಮನೆ ಮುಂದೆ ಬರೋದನ್ನ ಮಗ ಕಿಟಕೀಲಿ ನೋಡ್ತಾ, ನಮ್ಮ ಮನೆಯೋರ ಬಳಗ ಮೇಲೆ ಹೋದ್ಮೇಲಾದ್ರೂ ಮತ್ತೆ ಕೂಡುತ್ತಾ ಅಂತ ಕೇಳೋ ಹಾಡು. ನನಗೆ ಕೇಳಿಯೇ ಗಂಟಲು ಕಟ್ತು. ಉದ್ದ ಕೂದಲು ಬಿಟ್ಕೊಂಡಿದ್ದ ಹುಡುಗರ ಬ್ಯಾಂಡೊಂದು, ನಿಟಿ ಗ್ರಿಟಿ ಡರ್ಟ್ ಬ್ಯಾಂಡ್ ಅಂತ ಅದರ ಹೆಸರು, ಆ ಹಾಡನ್ನ ಹಾಡ್ತೀವಿ ಅಂತ ಹಳಬರ ಹತ್ರ ಹೋದ್ರಂತೆ. ಬಿಲ್ ಮನ್ರೋ ಅನ್ನೋ ದೊಡ್ಡ ವಾದ್ಯಗಾರರು ನಾನು ಬರಲ್ಲ ಅಂದುಬಿಟ್ರು. ರಾಯ್ ಏಕಫ್ ಅನ್ನೋರು ಮೊದಲು ಅನುಮಾನ ಪಟ್ಟು, ಆಮೇಲೆ ಬಂದು ಹಾಡಿದ್ರು. ಮೇಬೆಲ್ ಕಾರ್ಟರ್ ಅಂತ ಒಬ್ಬ ಹೆಂಗಸು, ಅರವತ್ತು ದಾಟಿತ್ತು ಆಗ, ಅವರು ಆ ಹುಡುಗರ ಮಧ್ಯೆ ಕೂತು ಗಿಟಾರ್ ನುಡಿಸಿ ಹಾಡಿಕೊಟ್ರು. ಅವರ ಮನೆಯೋರೇ 1935ರಲ್ಲಿ ಆ ಹಾಡನ್ನ ರೆಕಾರ್ಡು ಮಾಡಿ ಊರಿಗೆಲ್ಲಾ ಗೊತ್ತು ಮಾಡಿದ್ದೋರು. ಅದಕ್ಕೂ ಮುಂಚೆ ಅದು ಚರ್ಚಿನ ಪುಸ್ತಕದಲ್ಲಿದ್ದ ಬೇರೆ ಥರದ ಹಾಡು, ತಾಯಿ ಹೆಣದ ಮಾತು ಸೇರಿಸಿದ್ದೇ ಕಾರ್ಟರ್ ಮನೆಯೋರು. ಅಂದ್ರೆ ಅಲ್ಲೂ ಹಿರೀಕರದು ಅಂತ ಕೂತಿದ್ದು ಯಾರೋ ಮಧ್ಯದಲ್ಲಿ ತಿದ್ದಿದ್ದೇ. ನನಗೆ ಇದರಲ್ಲಿ ಹಿಡಿಸಿದ್ದು ಆ ಮೇಬೆಲ್ ಅಮ್ಮ. ಇದು ನಮ್ಮ ಮನೆ ಹಾಡು ಮುಟ್ಬೇಡ್ರೋ ಅನ್ಬೋದಿತ್ತು ಆ ಯಮ್ಮ. ಅನ್ಲಿಲ್ಲ, ಹೋಗಿ ಪಕ್ಕದಲ್ಲಿ ಕೂತ್ರು.

ಹುಡುಗರ ಕಡೆ ಪೂರ್ತಿ ವಾಲಿಬಿಟ್ಳು ಇವಳು ಅಂತ ಅನ್ಕೋಬೇಡಿ. ಅವರಿಗೂ ಇದೆ ನನ್ನ ಹತ್ರ.

ಎರಡು ವರ್ಷದ ಹಿಂದೆ ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ಹೋಗಿದ್ದೆ, ಯಾವುದು ಅಂತ ಬೇಡ. ಹುಡುಗರು 'ಗುಡುಗುಡಿಯಾ' ಹಾಡಿದ್ರು, ಆ ಬ್ಯಾಂಡಿನೋರ ಥರಾನೇ. ಕುಣಿತ ಜೋರು, ಬೇಡ ಅನ್ನಲ್ಲ. ಆದ್ರೆ ಹಿಂದಿನ ಸಾಲಿನ ಹುಡುಗರು ಬಾಯಿಗೆ ಕೈ ಇಟ್ಕೊಂಡು ಸಿಗರೇಟ್ ಸೇದೋ ಹಂಗೆ ಆಡಿ ಹೊಗೆ ಬಿಡ್ತಿದ್ರು, ಮುಂದೆ ಕೂತ ಮೇಷ್ಟ್ರು ನಗ್ತಿದ್ರು. ಅಯ್ಯೋ, ಅದು ಹೊಗೆ ಸೊಪ್ಪಿನ ಪದ ಅಲ್ಲ ಕಣ್ರಪ್ಪಾ. ಆ ಗುಡುಗುಡಿ ಈ ಮೈ. ಅದರೊಳಗೆ ಸುಡಬೇಕಾಗಿದ್ದು ನಮ್ಮ ಭ್ರಮೆ, ನಮ್ಮ ಕೆಟ್ಟ ಗುಣ. ಮನೆ ಮನೇಲಿ ಗಂಡಸರು ಸೇದ್ತಿದ್ದ ಒಂದು ಹುಕ್ಕಾ ತಗೊಂಡು ಅದರಲ್ಲಿ ಅಷ್ಟು ದೊಡ್ಡ ಮಾತು ತುಂಬಿಟ್ಟವ್ರೆ ಶರೀಫರು. ಅದನ್ನ ಒಂದು ನಿಮಿಷ ಹೇಳಿ ಆಮೇಲೆ ಕುಣೀರಿ. ಎಷ್ಟು ಬೇಕಾದ್ರೂ ಕುಣೀರಿ.

'ಸೋರುತಿಹುದು' ಪದಾನೂ ಹಂಗೇ. ನಮಗೆ ಹೆಂಚಿನ ಮನೆ, ಆ ಕಡೆ ಮಣ್ಣಿನ ಮಾಳಿಗೆ. ಸೋರೋದು ಅಂದ್ರೇನು ಅಂತ ನಮ್ಮ ತಲೆಮಾರಿನ ಹೆಂಗಸರಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಮಳೆಗಾಲದಲ್ಲಿ ಹೆಂಚು ಸರಿದು ನೂಲಿನ ಮೇಲೆ ನೀರು ತೊಟ್ಟಿಕ್ಕಿದ್ರೆ ಒಂದು ಸೀರೆ ಹೋಯ್ತು ಅಂತಾನೇ ಲೆಕ್ಕ. ರಾತ್ರಿ ಎದ್ದು ಬೋಗುಣಿ, ಚೊಂಬು, ಕೊಳಗ ಎಲ್ಲಾ ಹರಡಿಡೋದು. ಗಂಡಸರು ನಾಳೆ ಹತ್ತಿ ಸರಿಮಾಡ್ತೀನಿ ಅಂತ ಮಗ್ಗುಲಾಗೋದು. ಆ ನಾಳೆ ಬರೋ ಅಷ್ಟರಲ್ಲಿ ಮಳೆಗಾಲವೇ ಮುಗಿಯೋದು. ಶರೀಫರು ಹೇಳಿದ ಮಾಳಿಗೆ ಈ ದೇಹ, ಸೋರೋದು ನಮ್ಮ ಅಜ್ಞಾನದಿಂದ, ಹತ್ತಿ ಸರಿಮಾಡೋರು ಯಾರೂ ಇಲ್ಲ. ಅತ್ತೆಯವರು ಕೊನೆ ಆರು ತಿಂಗಳು ಹಾಸಿಗೆ ಹಿಡಿದಾಗ ಈ ಪದ ಗುನುಗ್ತಿದ್ರು. ನಾನು ಅವರಿಗೆ ಬಟ್ಟೆ ಬದಲಾಯಿಸೋವಾಗ ನನ್ನ ಮುಖ ನೋಡಿ, "ಸೋರ್ತಾ ಐತೆ ಕಣೆ ಮನೆ" ಅಂದು ನಕ್ಕಿದ್ರು ಒಂದು ದಿನ. ಸಿಮೆಂಟ್ ಮೋಲ್ಡ್ ಮನೇಲಿ ಹುಟ್ಟಿದ ಹುಡುಗರಿಗೆ ಇದು ತಾನಾಗೇ ಗೊತ್ತಾಗಲ್ಲ. ಹೇಳ್ಬೇಕು.

ಇನ್ನೊಂದು ತಕರಾರು. ಇವರು ಪಲ್ಲವಿ ಹತ್ತು ಸಲ ಹೇಳ್ತಾರೆ, ಮಧ್ಯದ ಚರಣ ನುಂಗ್ತಾರೆ, ಕೊನೇ ಚರಣಕ್ಕೆ ಬರೋ ಹೊತ್ತಿಗೆ ಚಪ್ಪಾಳೆ ಶುರು. ಶಿಶುನಾಳಧೀಶ ಅನ್ನೋ ಅಂಕಿತ ಬರೋದು ಅಲ್ಲೇ. ಅಂಕಿತ ಇಲ್ದೆ ಪದ ನಿಲ್ಲಿಸಿದ್ರೆ ಕುಂಕುಮ ಇಡದೆ ಮುತ್ತೈದೆ ಕಳ್ಸಿದಂಗೆ. ಈ ಮಾತನ್ನ ನಮ್ಮ ಹುಡುಗನಿಗೆ ಮುಖದ ಮೇಲೆ ಹೇಳಿದ್ದೀನಿ, ಅದೂ ಅವತ್ತಿನ ರಾತ್ರಿಗೆ ನಾಲ್ಕು ದಿನ ಮುಂಚೆ. ಅದಕ್ಕೇ ಅವತ್ತು ಅವನು ಎಲ್ಲಾ ಚರಣ ಹಾಡಿದ. ಅಜ್ಜಿ ತಾವೇ ಸೇರಿಸ್ಕೊಂಡಿದ್ದ ಮೂರನೇ ಚರಣದ ಮಾತೂ ಹಾಗೇ ಹಾಡಿದ. ಅದನ್ನ ಯಾರಾದ್ರೂ ಗಮನಿಸಿದ್ರಾ? ಇಲ್ಲ. ಕಣ್ಣೆಲ್ಲಾ ಗಿಟಾರಿನ ಮೇಲೆ.

ಈಗ ನನಗೆ ನಿಜವಾಗಿ ಹೊಟ್ಟೆ ಉರಿಯೋ ವಿಷಯ. ಅವತ್ತು ರಾತ್ರಿ ಭಜನೆಗೆ ಬಂದೋರು ಎಷ್ಟು ಜನ? ನಾಲ್ಕು. ಒಬ್ಬರಿಗೆ ಎಪ್ಪತ್ತೆಂಟು, ಇನ್ನೊಬ್ಬರಿಗೆ ಉಬ್ಬಸ. ಹತ್ತೂವರೆಗೆ ಮಂಗಳಾರತಿ ಹೇಳಿ, "ಅಮ್ಮ, ಇನ್ನು ಆಗಲ್ಲ" ಅಂತ ಎದ್ರು. ಮಾವನವರು ಹೋದಾಗ ಬೆಳಗಿನ ಜಾವದ ತನಕ ಎರಡು ತಂಡ ಸವಾಲು ಹಾಕ್ಕೊಂಡು ಹಾಡಿದ್ರು, ನೆನಪಿದೆಯಾ? ಈ ಸಲ ಹತ್ತೂವರೆಗೆ ದೀಪದ ಮುಂದೆ ನಾವು ನಾವೇ. ಫ್ಯಾನ್ ಸದ್ದು. ನನ್ನ ವಾರಗಿತ್ತಿಗೆ ಹಾಡು ಬರ್ತದೆ, ಹಾಡ್ಲಿಲ್ಲ. ಚಿಕ್ಕತ್ತೆಗೆ ಬರ್ತದೆ, ಗಂಟಲು ಸರಿಯಿಲ್ಲ ಅಂದ್ರು. ನನಗೆ ಬರೋದು ಅರ್ಧ. ಆ ಹೊತ್ತಲ್ಲಿ ಆ ಹುಡುಗ ಕೇಳಿದ್ದು, ಗಿಟಾರ್ ತರ್ಬೋದಾ ಅಂತ. ಬೇಡ ಅಂದು ಏನ್ ಮಾಡ್ಲಿ ನಾನು? ಅವರಜ್ಜಿ ದೀಪಾನ ಫ್ಯಾನ್ ಸದ್ದಿಗೆ ಬಿಟ್ಟು ಮಲಗ್ಲಾ?

ಕೆಡಿಸಿದ್ರು ಅನ್ನೋದು ಸುಲಭ. ಉಳಿಸಿದೋರು ಯಾರು ಹೇಳಿ. ನಮ್ಮ ಬೀದಿ ಭಜನೆ ಮನೆ ನೋಡಿದ್ದೀರಾ ಈಚೆಗೆ? ಬೀಗ. ಒಳಗೆ ಯಾರದೋ ಸಿಮೆಂಟ್ ಮೂಟೆ, ಗಣಪತಿ ಪೆಂಡಾಲಿನ ಕೋಲು. ಹಾರ್ಮೋನಿ ತಿದಿ ಇಲಿ ಕಡಿದು ಹಾಕಿದೆ. ಅದು ಹಾಡೋ ಕಾಲದಲ್ಲೂ ಹೆಂಗಸರನ್ನ ಒಳಗೆ ಕರೀಲಿಲ್ಲ ಬಿಡಿ. ಅತ್ತೆಯವರು ನಲವತ್ತು ವರ್ಷ ಆ ಕಿಟಕಿ ಹೊರಗೆ ನಿಂತು ಕೇಳಿದ್ದು. ಅವರ ಗಂಟಲು ಆ ನಾಲ್ಕು ಜನಕ್ಕಿಂತ ಚೆನ್ನಾಗಿತ್ತು, ಇದನ್ನ ಆ ಎಪ್ಪತ್ತೆಂಟರ ಯಜಮಾನ್ರೇ ಅವತ್ತು ರಾತ್ರಿ ಹೇಳಿದ್ರು. ಹೇಳಿದ್ದು ಅವರು ಸತ್ತ ಹತ್ತನೇ ದಿನ. ಆದ್ರೆ ಆ ಹುಡುಗ ಹೋದ ವರ್ಷ ದೀಪಾವಳಿಗೆ ಬಂದಾಗ ಹಾಸಿಗೆ ಪಕ್ಕ ಕೂತು, ಅಜ್ಜಿ ನೀನು ಹಾಡು ನಾನು ನುಡಿಸ್ತೀನಿ ಅಂದ. ಅತ್ತೆ ಮೊದಲು, "ಥೂ, ಅದೇನ್ ಸೌದೆ ಕಟ್ಕೊಂಡು ಬಂದಿದ್ದೀಯೋ" ಅಂದ್ರು. ಆಮೇಲೆ ಹಾಡಿದ್ರು. ಅವನ ತಾಳ ಜೋರಾದ್ರೆ ಅವನ ಮೊಣಕಾಲಿಗೆ ಹೊಡೆದು ನಿಧಾನ ಅನ್ನೋರು. ಅವರ ಜೊತೆ ವಾದ್ಯ ಹಿಡ್ಕೊಂಡು ಕೂತ ಮೊದಲನೇ ಮನುಷ್ಯ ಅವನು.

ಶರೀಫರ ಕಥೆ ನಮಗೆಲ್ಲಾ ಗೊತ್ತು. ಮುಸಲ್ಮಾನರ ಮಗ, ಬ್ರಾಹ್ಮಣ ಗುರು. ಗೋವಿಂದ ಭಟ್ಟರು ಅವರಿಗೆ ಜನಿವಾರ ಹಾಕಿದ್ರು ಅಂತ ಹೇಳ್ತಾರೆ, ಎರಡು ಕಡೆಯೋರೂ ಇದೇನು ಅನಾಚಾರ ಅಂತ ಎದ್ದು ನಿಂತ್ರು ಅಂತಾನೂ ಹೇಳ್ತಾರೆ. ಆ ಸಿನಿಮಾ ನೋಡುವಾಗ ಆ ಜನಾನ ನಾವೆಲ್ಲಾ ಬೈದಿದ್ವಿ. ಇವತ್ತಿಗೂ ಶಿಶುನಾಳದ ಗದ್ದುಗೆಗೆ ಎರಡೂ ಕಡೆಯೋರು ಹೋಗಿ ಕೈ ಮುಗೀತಾರೆ. ಅಂಥೋರ ಪದಕ್ಕೆ ಗಿಟಾರ್ ಮೈಲಿಗೆ ಅಂತ ಹೇಳೋದು, ನನಗೆ ಸರಿ ಕಾಣಲ್ಲ.

ನಾದಿನೀ, ನಿನಗೆ ಬೇರೆ ಹೇಳ್ಬೇಕು. ನಿನ್ನದು ಉಳಿದೋರ ಥರ ಚಾಡಿ ಅಲ್ಲ, ನೀನು ತಾಯಿ ಕಳ್ಕೊಂಡೋಳು. ಹಿತ್ತಲಿಗೆ ಹೋಗಿದ್ದು ಸಿಟ್ಟಿಗೆ ಅಂತ ಎಲ್ಲಾ ಅಂದ್ರು, ನಾನೂ ಹಂಗೇ ತಿಳ್ಕೊಂಡಿದ್ದೆ. ಆಮೇಲೆ ನೀನು ಹೇಳಿದೆ, ಆ ಮೂರನೇ ಚರಣ ಬಂದಾಗ ಅಮ್ಮಾನೇ ಹಾಡಿದಂಗಾಯ್ತು, ಕೂರಕ್ಕಾಗ್ಲಿಲ್ಲ ಅತ್ತಿಗೆ ಅಂತ. ಅದನ್ನ ಬರೀಲಾ ಅಂತ ನಿನ್ನ ಕೇಳಿದೆ, ಬರಿ ಅಂದೆ, ಬರ್ದಿದ್ದೀನಿ. ಗಿಟಾರ್ ಬೇಡವಿತ್ತು ಅಂತಾನೂ ಅಂದೆ ನೀನು. ಅದೂ ಇರ್ಲಿ. ನಿನಗೆ ಅನ್ನೋ ಹಕ್ಕಿದೆ.

ಉಳಿದೋರಿಗೆ ಒಂದು ಮಾತು. ಹುಡುಗ ಶನಿವಾರ ಶನಿವಾರ ಬೆಂಗಳೂರಿಂದ ಬರ್ತಾನೆ, ಸಂಜೆ ಆರರ ಹೊತ್ತಿಗೆ ಮಗ್ಗ ನಿಲ್ಲಿಸಿರ್ತೀವಿ. ಅತ್ತೆ ಹಾಡಿದ್ದು ಅವನ ಫೋನಲ್ಲಿ ಹನ್ನೆರಡು ಪದ ಇದೆ, ಸೋಬಾನೆ ಪದವೂ ಇದೆ, ಕೆಲವು ಪದ ಸರಿಯಾಗಿ ಕೇಳಿಸಲ್ಲ, ಕೆಮ್ಮು ಬಂದು ಮಧ್ಯೆ ನಿಲ್ಲಿಸಿದ್ದಾರೆ. ಕೈವಾರ ತಾತಯ್ಯನವರ ಕೀರ್ತನೆ ಎರಡರಲ್ಲಿ ನಮಗೆ ತೆಲುಗು ಗೊತ್ತಾಗ್ತಿಲ್ಲ. ಹೊಸಕೋಟೆ ಅಕ್ಕ, ಅದು ನಿಮಗೆ ಬಾಯಿಪಾಠ. ಬನ್ನಿ, ಹೇಳ್ಕೊಡಿ. ಚಿಕ್ಕತ್ತೆ, ನಿಮ್ಮ ತಾಳ ಅವತ್ತು ಇಲ್ಲೇ ಬಿಟ್ಟು ಹೋಗಿದ್ದೀರಿ, ಪೂಜೆ ಕಪಾಟಿನ ಕೆಳಗೆ ಇಟ್ಟಿದ್ದೀನಿ. ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಬಸ್ಸಿದೆ, ಬರೋ ಹೊತ್ತು ಫೋನ್ ಮಾಡಿದ್ರೆ ಬಸ್ ಸ್ಟ್ಯಾಂಡಿಗೆ ಹುಡುಗನ್ನೇ ಕಳಿಸ್ತೀನಿ.